ಅಪ್ಪ ಓದಿದ ಕೊನೆಯ ಸಾಲು

ಇಪ್ಪತ್ತಾರು ವರ್ಷಗಳಿಂದ ನಾನು ದಿನವಿಡೀ ಕೇಳುತ್ತಿರುವ ಪ್ರಶ್ನೆ ಒಂದೇ. ಇದು ಚೆನ್ನಾಗಿ ಕಾಣುತ್ತಾ, ಅದಾ? ಕೊಯಮತ್ತೂರಿನಲ್ಲಿ ಬಸ್ ನಿಲ್ದಾಣದ ಹಿಂದಿನ ಬೀದಿಯ ಒಂದು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವುದು ನನ್ನ ಕೆಲಸ. ಬಂದವರ ಮೂಗಿನ ಮೇಲೆ ದಪ್ಪ ಚೌಕಟ್ಟು ಕೂರಿಸಿ, ಅದರೊಳಗೆ ಒಂದು ಗಾಜು ಹಾಕಿ, ತೆಗೆದು, ಇನ್ನೊಂದು ಹಾಕಿ ಕೇಳುತ್ತೇನೆ. ತಮಿಳಿನಲ್ಲಿ ಕೇಳುತ್ತೇನೆ. ನಮ್ಮವರು ಅಂತ ಗೊತ್ತಾದರೆ ಕನ್ನಡದಲ್ಲಿ ಕೇಳುತ್ತೇನೆ. ಯಾವ ಭಾಷೆಯಲ್ಲಿ ಕೇಳಿದರೂ ನೆಟ್ಟಗೆ ಉತ್ತರ ಬರುವುದಿಲ್ಲ.

"ಎರಡೂ ಪರವಾಗಿಲ್ಲ" ಅನ್ನುತ್ತಾರೆ. "ನೀವೇ ನೋಡಿ ಹೇಳಿ ಮೇಡಂ" ಅನ್ನುತ್ತಾರೆ. ಕಣ್ಣು ಅವರದು, ನೋಡಿ ಹೇಳಬೇಕಾದವಳು ನಾನಂತೆ! ವೆಳ್ಳಕೋಯಿಲಿನಿಂದ ಒಬ್ಬ ವ್ಯಾಪಾರಿ ಬರುತ್ತಾರೆ, ನಾಲ್ಕೂರಿನ ಸಂತೆ ಕಂಡವರು. ನಾನು ಗಾಜು ಬದಲಿಸಿ ಕೇಳಿದರೆ ಅವರು ಮೆಲ್ಲಗೆ ಬಗ್ಗಿ, "ಸಾಮಾನ್ಯವಾಗಿ ಎಲ್ಲರೂ ಯಾವುದು ಅಂತಾರೆ?" ಅಂತ ನನ್ನನ್ನೇ ಕೇಳುತ್ತಾರೆ. ವಾಲ್ಪಾರೈ ಟೀ ತೋಟದಿಂದ ಬಂದ ಒಬ್ಬ ಹೆಂಗಸಿಗೆ ದೂರದ ನೋಟ ಬಹಳ ಮಂಕಾಗಿತ್ತು. "ಬಸ್ಸಿನ ಬೋರ್ಡ್ ಓದೋಕೆ ಆಗುತ್ತಾ ತಾಯಿ?" ಅಂದೆ. "ನಮ್ಮ ಲೈನ್ ಮನೆಗಳ ಕಡೆಗೆ ಬರೋದೇ ಒಂದು ಬಸ್ಸು, ಅದನ್ನ ಯಾಕೆ ಓದಬೇಕು ಕಣ್ಣು?" ಅಂದಳು. ಕೊಂಗು ಸೀಮೆಯಲ್ಲಿ ಪ್ರೀತಿಗೆ ಎಲ್ಲರನ್ನೂ ಕಣ್ಣು ಅಂತಲೇ ಕರೆಯುತ್ತಾರೆ. ಬೈಯಲೂ ಮನಸ್ಸು ಬರುವುದಿಲ್ಲ, ಕೆಲಸವೂ ಸಾಗುವುದಿಲ್ಲ.

ಮೊದಮೊದಲು ನನಗೆ ರೇಗುತ್ತಿತ್ತು. ಈ ಜನಕ್ಕೆ ಹೌದು, ಇಲ್ಲ ಅನ್ನೋ ಎರಡು ಮಾತು ಕಲಿಸದೆ ಬೆಳೆಸಿದರಾ ಅಂತ ಮನಸ್ಸಿನಲ್ಲೇ ಅವರ ಹೆತ್ತವರನ್ನೂ ಸೇರಿಸಿ ಬೈಯುತ್ತಿದ್ದೆ. ಈಗ ರೇಗುವಷ್ಟು ಶಕ್ತಿ ಇಲ್ಲ. ಸಂಜೆ ಆರಕ್ಕೆ ಅನ್ನೂರಿನ ಟೌನ್ ಬಸ್ಸಿನಲ್ಲಿ ಸೀಟು ಸಿಕ್ಕಿದರೆ ಸಾಕು ಅನ್ನಿಸುತ್ತದೆ. ಆದರೂ ಇಷ್ಟು ವರ್ಷ ಕೇಳಿ ಕೇಳಿ ಒಂದು ಅಂದಾಜು ಸಿಕ್ಕಿದೆ. ಜನ ನನ್ನ ಪ್ರಶ್ನೆಯನ್ನು ಶಾಲೆಯ ಪರೀಕ್ಷೆ ಅಂದುಕೊಳ್ಳುತ್ತಾರೆ. ಇದೇ ಅಂತ ಹೇಳಿ ಅದು ತಪ್ಪಾದರೆ ತಪ್ಪು ತನ್ನ ತಲೆಗೆ ಬರುತ್ತದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿದರೆ ನಾಳೆ ಯಾರೂ "ನೀನೇ ತಾನೆ ಹೇಳಿದ್ದು" ಅನ್ನುವ ಹಾಗಿಲ್ಲ. ಇನ್ನೊಂದು ಕಾರಣವೂ ಇದೆ. ಕಾಣುವುದಿಲ್ಲ ಅಂತ ಬಾಯಿಬಿಟ್ಟು ಹೇಳುವವರೆಗೆ ಮನುಷ್ಯನಿಗೆ ಏನೋ ಒಂದಿಷ್ಟು ಕಾಣುತ್ತಲೇ ಇರುತ್ತದೆ. ಹೇಳಿದ ಮೇಲೆ ಅದು ಕಾಯಿಲೆ.

ಇದನ್ನೆಲ್ಲ ನಾನು ಅಂಗಡಿಯಲ್ಲಿ ಕಲಿತೆ ಅಂತ ಜಂಬ ಪಡುತ್ತಿದ್ದೆ. ಮನೆಯಲ್ಲೇ ಕಲಿಯಬಹುದಿತ್ತು.

ನಮ್ಮದು ನೇಯುವವರ ಮನೆ. ಅನ್ನೂರಿನ ಆಚೆ, ಕನ್ನಡ ಮಾತಾಡುವ ನೇಕಾರರ ಬೀದಿ. ಎಷ್ಟು ತಲೆಮಾರಿನ ಹಿಂದೆ ಬಂದೆವೋ ಯಾರಿಗೂ ನೆನಪಿಲ್ಲ. ಮಾತು ಉಳಿಯಿತು, ಅಕ್ಷರ ಉಳಿಯಲಿಲ್ಲ. ನಾನು ಕನ್ನಡ ಓದಲು ಬರೆಯಲು ಕಲಿತದ್ದೇ ನಲವತ್ತು ದಾಟಿದ ಮೇಲೆ. ಗಂಡ ತೀರಿಹೋದ ಮೇಲೆ ನಾನು ತವರಿಗೆ ಬಂದು ಅಪ್ಪ ಅವ್ವನ ಜೊತೆಗೇ ಇದ್ದೇನೆ. ನಡುಮನೆಯಲ್ಲಿ ಗುಂಡಿಮಗ್ಗ. ಅಪ್ಪ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ನೂಲಿನ ಸೀರೆ ನೇಯುತ್ತಿದ್ದ. ಪಕ್ಕದಲ್ಲಿ ಅವ್ವ ರಾಟೆಯಲ್ಲಿ ಕಂಡಿಕೆ ಸುತ್ತಿ ಕೊಡುತ್ತಿದ್ದಳು. ಲಾಳಿಯ ಹೊಟ್ಟೆಯೊಳಗೆ ಕೂರುವ ನೂಲಿನ ಸಣ್ಣ ಸುರುಳಿಗೆ ನಾವು ಕಂಡಿಕೆ ಅನ್ನುತ್ತೇವೆ.

ನಮ್ಮ ಬೀದಿಯಲ್ಲಿ ಒಂದು ಕಟ್ಟಳೆ. ಮಗ್ಗದಲ್ಲಿ ಕೂತವನನ್ನು "ಎಷ್ಟಾಯ್ತು, ಇನ್ನೆಷ್ಟು ಉಳೀತು" ಅಂತ ಕೇಳಬಾರದು. ಕೇಳಿದರೆ ಎಳೆ ಹರಿಯುತ್ತದಂತೆ, ಸೀರೆ ಮುಗಿಯುವುದಿಲ್ಲವಂತೆ. ನೂಲು ಕೊಡುವ ಯಜಮಾನನೇ ಬಂದು ನಿಂತರೂ ಬಾಗಿಲಲ್ಲೇ ಕೆಮ್ಮಿ, "ನಡೀತಾ ಇದೆಯಾ?" ಅನ್ನಬೇಕು. ಒಳಗಿನಿಂದ "ನಡೀತಾ ಇದೆ" ಅನ್ನಬೇಕು. ಅಷ್ಟೇ ಮಾತು. ನಾನು ಚಿಕ್ಕವಳಿದ್ದಾಗ ಗೊತ್ತಿಲ್ಲದೆ, "ಅಪ್ಪಾ, ಎಷ್ಟು ಮೊಳ ಆಯ್ತು?" ಅಂದುಬಿಟ್ಟೆ. ಅವ್ವ ನೆತ್ತಿಯ ಮೇಲೆ ಕುಟ್ಟಿದ್ದು ಇವತ್ತಿಗೂ ನೆನಪಿದೆ. ಈ ಕಟ್ಟಳೆ ಮಗ್ಗದಲ್ಲೇ ನಿಂತಿದ್ದರೆ ಚೆನ್ನಾಗಿತ್ತು. ಅದು ಇಡೀ ಮನೆಗೆ ಹರಡಿತು. ಮೈ ಹೇಗಿದೆ ಅಂದರೆ ನಡೀತಾ ಇದೆ. ಹೊಟ್ಟೆನೋವು ಹೋಯ್ತಾ ಅಂದರೆ ನಡೀತಾ ಇದೆ. ಹೊಟ್ಟೆನೋವು ಅದೆಲ್ಲಿಗೆ ನಡೆಯುತ್ತದೋ ದೇವರೇ ಬಲ್ಲ.

ಹೋದ ವರ್ಷ ಪೊಂಗಲ್ ಕಳೆದ ಮೇಲೆ ನಮ್ಮ ಅಂಗಡಿಯವರು ಊರೂರಿಗೆ ಹೋಗಿ ಬಿಟ್ಟಿಯಾಗಿ ಕಣ್ಣು ಪರೀಕ್ಷೆ ಮಾಡುವುದೆಂದು ಗೊತ್ತುಮಾಡಿದರು. ನಾನೇ ಮುಂದೆ ಬಿದ್ದು ನಮ್ಮ ಬೀದಿಗೂ ಒಂದು ದಿನ ಹಾಕಿಸಿದೆ. ಗುಡಿಯ ಮಂಟಪದಲ್ಲಿ ಗೋಡೆಗೆ ಅಕ್ಷರದ ಹಲಗೆ ನೇತುಹಾಕಿದೆವು. ತಮಿಳು ಅಕ್ಷರಗಳು, ಮೇಲೆ ದೊಡ್ಡವು, ಕೆಳಗೆ ಹೋಗ್ತಾ ಹೋಗ್ತಾ ಸಾಸಿವೆಯಷ್ಟು. ಒಂದೇ ಹಲಗೆ ತಂದಿದ್ದೆವು. ನಮ್ಮ ಜನವೋ, ಬಳಿ ಕೂತು ಮೆಲ್ಲಗೆ ಓದುವವರಲ್ಲ. ಶಾಲೆಯಲ್ಲಿ ಮಗ್ಗಿ ಒಪ್ಪಿಸುವ ಹಾಗೆ ಎದೆ ಉಬ್ಬಿಸಿ ಕೂಗಿ ಓದಿದರು. ಓದಲಾಗದವರು ಪಕ್ಕದವರನ್ನು ತಿವಿದು ಕೇಳಿದರು. ಒಬ್ಬ ಅಜ್ಜನಂತೂ "ನಿನಗೆ ಗೊತ್ತಿಲ್ಲದ್ದನ್ನ ನಾನೇನು ಹೇಳೋದು" ಅಂದು ಎದ್ದೇ ಹೋದ.

ಅಪ್ಪ ಬೆಳಿಗ್ಗೆಯಿಂದ ಮಂಟಪದ ಕಂಬಕ್ಕೆ ಒರಗಿ ಕೂತಿದ್ದ. "ಬಾಪ್ಪಾ, ನಿಂದು ಮೊದ್ಲು ಮುಗಿಸ್ತೀನಿ" ಅಂದರೆ, "ಬೇರೆಯವ್ರದ್ದು ಆಗ್ಲಿ, ನಾನೆಲ್ಲಿ ಓಡಿಹೋಗ್ತೀನಿ" ಅಂದ. ಎಲ್ಲರದೂ ಮುಗಿದ ಮೇಲೆ ಬಂದು ಕುರ್ಚಿಯಲ್ಲಿ ಕೂತ. ಒಂದು ಕಣ್ಣು ಮುಚ್ಚಿಸಿ ಕೋಲಿನಿಂದ ತೋರಿಸಿದೆ. ಪಟಪಟ ಓದಿದ. ಇನ್ನೊಂದು ಕಣ್ಣು ಮುಚ್ಚಿಸಿದೆ. ಕೊನೆಯ ಸಾಲಿನವರೆಗೂ, ಸಾಸಿವೆಯಷ್ಟು ಅಕ್ಷರವನ್ನೂ ಬಿಡದೆ ಒಪ್ಪಿಸಿದ. ಬೀದಿಯವರೆಲ್ಲ ಹೋ ಅಂದರು. ನಾನು "ಶಭಾಷ್ ಅಪ್ಪಾ!" ಅಂದು ಚೀಟಿಯಲ್ಲಿ ಎರಡೂ ಕಣ್ಣು ಚೆನ್ನಾಗಿವೆ ಅಂತ ಬರೆದು, ಸಹಿ ಹಾಕಿ, ಅಂಗಿಯ ಜೇಬಿಗೆ ತುರುಕಿ ಕಳಿಸಿದೆ. ಅರವತ್ತೆಂಟು ವರ್ಷದ, ಹಗಲಿಡೀ ಎಳೆ ನೋಡಿ ಸವೆದ ಕಣ್ಣು ಕನ್ನಡಕವಿಲ್ಲದೆ ಕೊನೆಯ ಸಾಲು ಓದಿತು ಅಂದರೆ ಕೆಲಸ ಬಲ್ಲವಳಿಗೆ ಸಂಶಯ ಬರಬೇಕು. ನನಗೆ ಹೆಮ್ಮೆ ಬಂತು.

ಮನೆಗೆ ಬಂದು ನೋಡಿದ್ದರೂ ಸಾಕಿತ್ತು. ಅಪ್ಪ ಸೈಕಲ್ ಹತ್ತುವುದನ್ನು ಬಿಟ್ಟಿದ್ದ. ಯಾಕಪ್ಪಾ ಅಂದರೆ, "ಆ ಟೈರು ಸರಿ ಇಲ್ಲ" ಅಂದಿದ್ದ. ಪೇಪರ್ ಓದುವುದನ್ನು ಬಿಟ್ಟಿದ್ದ. "ಅದ್ರಲ್ಲಿ ಏನಿದೆ, ಬರೀ ಸುಳ್ಳು" ಅಂದಿದ್ದ. ಅವ್ವ ಕಾಫಿ ಲೋಟವನ್ನು ಅಪ್ಪನ ಮುಂದೆ ಠಣ್ ಅಂತ ಶಬ್ದ ಮಾಡಿ ಇಡುತ್ತಿದ್ದಳು. ಗಂಡನ ಮೇಲೆ ಏನು ಸಿಟ್ಟು ಇವಳಿಗೆ ಅಂದುಕೊಂಡು ನಾನು, "ಮೆಲ್ಲಗೆ ಇಡಬಾರದೇನವ್ವಾ" ಅಂತ ಗದರಿದ್ದೂ ಉಂಟು. ಮರುದಿನವೂ ಅವ್ವ ಹಾಗೇ ಠಣ್ ಅನ್ನಿಸಿ ಇಟ್ಟಳು. ದೀಪದ ಬುಡದಲ್ಲಿ ಕತ್ತಲೆ ಅಂತ ಬೇರೆಯವರಿಗೆ ಹೇಳುತ್ತೇವೆ, ನಮ್ಮ ಮನೆಗೆ ಬಂದಾಗ ನೆನಪಾಗುವುದಿಲ್ಲ.

ಒಂದು ವರ್ಷ ಹೀಗೇ ಕಳೆಯಿತು.

ಈ ವರ್ಷ ಅವ್ವನಿಗೆ ಜ್ವರ ಹಿಡಿಯಿತು. ಐದು ದಿನ ಮೇಲೇಳಲಿಲ್ಲ. ನಾನು ಅಂಗಡಿಗೆ ರಜೆ ಹೇಳಿ ಮನೆಯಲ್ಲಿ ಉಳಿದೆ. ಮೊದಲೆರಡು ದಿನ ಅಪ್ಪ ಮಗ್ಗಕ್ಕೆ ಇಳಿಯಲಿಲ್ಲ. ಯಾಕೆ ಅಂದರೆ, "ನಿಮ್ಮವ್ವ ಏಳ್ಲಿ" ಅಂದ. ಅವ್ವ ಏಳೋದಕ್ಕೂ ನೀನು ನೇಯೋದಕ್ಕೂ ಏನು ಸಂಬಂಧ ಅಂದೆ. "ಕಂಡಿಕೆ ಬೇಡ್ವಾ?" ಅಂದ. ಕಂಡಿಕೆ ತಾನೆ, ನಾನು ಸುತ್ತಲಾರೆನಾ? ಹುಟ್ಟಿದಾಗಿಂದ ಕಂಡ ಕೆಲಸ. ಮೂರನೆಯ ದಿನ ರಾಟೆ ಮುಂದೆ ಕೂತು ಎರಡೂ ಬಣ್ಣದ ಕಂಡಿಕೆ ಸುತ್ತಿ, ಅಪ್ಪನ ಎಡಬಲಕ್ಕೆ ಇದ್ದ ಎರಡು ತಗಡಿನ ಡಬ್ಬಿಗಳಿಗೆ ತುಂಬಿಸಿದೆ. ಯಾವ ಡಬ್ಬಿಗೆ ಯಾವ ಬಣ್ಣ ಅಂತ ಕೇಳಲಿಲ್ಲ. ಕಣ್ಣೆದುರಿಗೇ ಇದೆ, ಬೇಕಾದ್ದು ತೆಗೆದುಕೊಳ್ಳುತ್ತಾನೆ ಅಂದುಕೊಂಡೆ. ಅಪ್ಪ ನಿಟ್ಟುಸಿರು ಬಿಟ್ಟು ಗುಂಡಿಗೆ ಇಳಿದ.

ಆ ಸೀರೆ ಗಾಢ ಹಸಿರಿನ ಒಡಲು, ಹತ್ತು ಬೆರಳಿಗೊಮ್ಮೆ ಎರಡು ಬೆರಳಗಲ ಕಡುಗೆಂಪು ಪಟ್ಟಿ. ನಾನು ಅವ್ವನಿಗೆ ಗಂಜಿ ಕಾಯಿಸಿ, ಕುಡಿಸಿ, ಬಟ್ಟೆ ಒಗೆದು ಒಳಗೆ ಬಂದಾಗ ಮಧ್ಯಾಹ್ನ. ಮಗ್ಗದ ಸದ್ದು ಒಂದೇ ಸಮ ಬರುತ್ತಿತ್ತು. ಹತ್ತಿರ ಹೋಗಿ ನೋಡಿದೆ. ಬೆಳಿಗ್ಗೆಯಿಂದ ನೇಯ್ದ ಬಟ್ಟೆಯೆಲ್ಲ ಕಡುಗೆಂಪು, ನಡುನಡುವೆ ಹಸಿರು ಪಟ್ಟಿ. ಅಂಚು ದಾರ ಹಿಡಿದ ಹಾಗೆ ನೇರ, ಪಟ್ಟಿ ಒಂದು ಎಳೆ ಹೆಚ್ಚಿಲ್ಲ, ಕಡಿಮೆ ಇಲ್ಲ. ಅಪ್ಪ ಅದರ ಮೇಲೆ ಅಂಗೈ ಆಡಿಸಿ ಸಮಾಧಾನದಿಂದ ಮುಂದಿನ ಕಂಡಿಕೆಗೆ ಕೈ ಹಾಕುತ್ತಿದ್ದ.

"ಅಪ್ಪಾ, ಇದು ಯಾವ ಬಣ್ಣ?" ಅಂದೆ.

"ಯಾಕೆ, ಚೆನ್ನಾಗಿಲ್ವಾ?"

"ಚೆನ್ನಾಗಿದೆ. ಯಾವ ಬಣ್ಣ ಅಂತ ಕೇಳ್ದೆ."

"ಅವ್ರು ಕೊಟ್ಟ ಬಣ್ಣ."

"ಅವ್ರು ಕೊಟ್ಟದ್ದು ಯಾವ್ದಪ್ಪಾ?"

"ಅಮ್ಮಣೀ, ಮಗ್ಗದಲ್ಲಿ ಕೂತವ್ನನ್ನ ಹಿಂಗೆಲ್ಲ ಕೇಳ್ಬಾರ್ದು" ಅಂದ. ಕೈ ಮಾತ್ರ ಲಾಳಿಯ ಮೇಲೆ ನಿಂತುಬಿಟ್ಟಿತ್ತು.

ನಾನು ಅವನ ಮುಖದ ಪಕ್ಕಕ್ಕೆ ಕೈ ತಂದು ಬೆರಳು ಆಡಿಸಿದೆ. ಕಣ್ಣು ಅಲುಗಲಿಲ್ಲ. ಇನ್ನೊಂದು ಪಕ್ಕ ಆಡಿಸಿದೆ. ಇಲ್ಲ. ಮೂಗಿನ ನೇರಕ್ಕೆ ತಂದಾಗ ಎಡಗಣ್ಣು ಮಾತ್ರ ಸ್ವಲ್ಪ ತಡವರಿಸಿ ಹಿಡಿಯಿತು. ಇಪ್ಪತ್ತಾರು ವರ್ಷ ಸಾವಿರಾರು ಜನಕ್ಕೆ ಮಾಡಿದ ಪರೀಕ್ಷೆ ಅದು. ಮಾಡಲು ಅರ್ಧ ನಿಮಿಷ ಹಿಡಿಯುವುದಿಲ್ಲ. ನನ್ನ ಅಪ್ಪನಿಗೆ ಮೊದಲ ಸಲ ಮಾಡಿದ್ದು ಅವತ್ತು.

ಒಳಕೋಣೆಗೆ ಹೋಗಿ ಅವ್ವನ ಮಗ್ಗುಲಲ್ಲಿ ಕೂತೆ. "ನಿಂಗೆ ಗೊತ್ತಿತ್ತಾ?" ಅಂದೆ. ಅವ್ವ ಗೋಡೆ ಕಡೆ ಹೊರಳಿ, "ಅವ್ರು ಊಟ ಮಾಡಿದ್ರಾ?" ಅಂದಳು. "ಅವ್ವಾ, ಗೊತ್ತಿತ್ತಾ ಇಲ್ವಾ?" "ಗಂಜಿ ಇನ್ನೂ ಇದ್ರೆ ಅವ್ರಿಗೆ ಒಂದ್ಲೋಟ ಕೊಡು." ನಾನು ಅತ್ತುಬಿಟ್ಟೆ. ಆಮೇಲೆ ಅವ್ವ ನನ್ನ ಕೈ ಹಿಡಿದುಕೊಂಡು ಹೇಳಿದಳು. ಎರಡು ವರ್ಷದಿಂದ ಎಡಡಬ್ಬಿಗೆ ಒಡಲಿನ ಬಣ್ಣ, ಬಲಡಬ್ಬಿಗೆ ಪಟ್ಟಿಯ ಬಣ್ಣ ಅಂತ ಇಟ್ಟುಕೊಡುತ್ತಿದ್ದಾಳೆ; ಈ ಸೀರೆಗೆ ಎಡಕ್ಕೆ ಹಸಿರು, ಬಲಕ್ಕೆ ಕೆಂಪು. ಎಳೆ ಹರಿದರೆ ಅವಳೇ ಬಗ್ಗಿ ಗಂಟು ಹಾಕುತ್ತಾಳೆ. ಅಪ್ಪ ಬೆರಳಲ್ಲಿ ಎಣಿಸಿ ನೇಯುತ್ತಾನೆ. ಇಬ್ಬರೂ ಈ ವಿಷಯ ಒಂದು ದಿನವೂ ಬಾಯಿಬಿಟ್ಟು ಆಡಿಲ್ಲ. "ಅವ್ರು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ" ಅಂದಳು.

ಅವತ್ತು ಮಂಟಪದಲ್ಲಿ ಅಪ್ಪ ಹೇಗೆ ಓದಿದ ಅನ್ನುವುದೂ ಆಗ ಹೊಳೆಯಿತು. ಬೆಳಿಗ್ಗೆಯಿಂದ ಕಂಬಕ್ಕೆ ಒರಗಿ ಕೂತವನು ಬೀದಿಯವರೆಲ್ಲ ಕೂಗಿ ಓದಿದ್ದನ್ನು ಕೇಳಿ ಕಂಠಪಾಠ ಮಾಡಿಕೊಂಡಿದ್ದ. ಒಮ್ಮೆ ಕೇಳಿದ ಪಟ್ಟಿಯ ಲೆಕ್ಕವನ್ನು ಸೀರೆ ಮುಗಿಯುವವರೆಗೆ ಮರೆಯದ ತಲೆ ಅದು. ಏಳೆಂಟು ಸಾಲು ಅಕ್ಷರ ಯಾವ ಮೂಲೆಗೆ?

ಕೊಯಮತ್ತೂರಿನ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆ. ಕಣ್ಣೊಳಗಿನ ಒತ್ತಡ ಏರಿ ನರ ಸಾಯುವ ಕಾಯಿಲೆ. ನೋವಿಲ್ಲ, ಕೆಂಪಿಲ್ಲ, ಅಂಚಿನಿಂದ ಮೆಲ್ಲಗೆ ಕತ್ತಲು ಬರುತ್ತದೆ. ಬಲಗಣ್ಣು ಪೂರಾ ಹೋಗಿತ್ತು. ಎಡಗಣ್ಣಲ್ಲಿ ಒಂದು ಕಿಂಡಿಯಷ್ಟು ಉಳಿದಿತ್ತು. ಹೋದದ್ದು ವಾಪಸು ಬರುವುದಿಲ್ಲ, ಉಳಿದದ್ದನ್ನು ಮದ್ದು ಹಾಕಿ ಕಾಪಾಡಿಕೊಳ್ಳಬೇಕು. ಇದೆಲ್ಲ ಡಾಕ್ಟರು ಹೇಳುವ ಮೊದಲೇ ನನಗೆ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಒಂದೇ. ಅಪ್ಪನನ್ನು ಹೊರಗೆ ಕೂರಿಸಿ ಬಂದು, "ಹೋದ ವರ್ಷವೇ ಬಂದಿದ್ದರೆ ಎಡಗಣ್ಣು ಉಳೀತಿತ್ತಾ ಡಾಕ್ಟರ್?" ಅಂತ ಕೇಳಿದೆ. ಆ ಹುಡುಗಿ, ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಕಾಗದ ತಿರುವಿ ಹಾಕಿದಳು. ಪೆನ್ನಿನ ಮುಚ್ಚಳ ತೆಗೆದು ಹಾಕಿದಳು. "ಇನ್ನು ಮುಂದೆ ಏನು ಮಾಡಬೇಕು ಅದನ್ನ ನೋಡೋಣ ಮೇಡಂ" ಅಂದಳು. ನನಗೆ ಉತ್ತರ ಸಿಕ್ಕಿತು. ದಿನವೂ ಬೈಯುತ್ತಿದ್ದ ಅಡ್ಡಮಾತಿಗೆ ಅವತ್ತು ಕೈಮುಗಿದು ಎದ್ದು ಬಂದೆ. ನೇರವಾಗಿ ಹೇಳಿದ್ದರೆ ಆ ಕುರ್ಚಿಯಿಂದ ಏಳುವ ಶಕ್ತಿ ನನಗಿರುತ್ತಿರಲಿಲ್ಲ.

ಈಗ ಮಗ್ಗದ ಗುಂಡಿಯ ಮೇಲೆ ಹಲಗೆ ಹಾಸಿದ್ದೇವೆ. ಕೆಂಪು ಹಸಿರು ಅದಲುಬದಲಾದ ಆ ತುಂಡನ್ನು ಯಜಮಾನ ಒಂದು ಮಾತೂ ಆಡದೆ ಕತ್ತರಿಸಿ ನಮಗೇ ಬಿಟ್ಟುಹೋದ. ಬೀದಿಯವರು ಬಾಗಿಲಲ್ಲಿ ನಿಂತು ಅಪ್ಪನ ಕಣ್ಣು ಹೇಗಿದೆ ಅಂತ ಕೇಳುತ್ತಾರೆ. ಮಗಳೇ ಕಣ್ಣು ನೋಡೋಳು, ಆದರೂ ಹೀಗಾಯ್ತಲ್ಲ ಅನ್ನುವುದನ್ನು ಯಾರೂ ಅನ್ನುವುದಿಲ್ಲ. ಅವರು ಅನ್ನದೆ ಇರುವುದು ನನಗೆ ಚೆನ್ನಾಗಿ ಕೇಳಿಸುತ್ತದೆ. ಅವ್ವ "ನಡೀತಾ ಇದೆ" ಅಂದು ಕಳಿಸುತ್ತಾಳೆ. ನಾನು ಎಂದಿನ ಹಾಗೆ ಅಂಗಡಿಗೆ ಹೋಗುತ್ತೇನೆ, ಬರುತ್ತೇನೆ. ಯಾರಾದರೂ "ನೀವೇ ನೋಡಿ ಹೇಳಿ" ಅಂದರೆ ಗಾಜು ಕೆಳಗಿಟ್ಟು, ಇನ್ನೊಮ್ಮೆ ಬೇರೆ ಹಲಗೆ ಹಾಕಿ, ಮತ್ತೆ ಮೊದಲಿಂದ ಶುರುಮಾಡುತ್ತೇನೆ. ಹೊರಗೆ ಕಾಯುವವರು ಗೊಣಗುತ್ತಾರೆ. ಗೊಣಗಲಿ. ಸುಸ್ತಾಗುತ್ತದೆ, ಆದರೂ ಬಿಡುವುದಿಲ್ಲ.

ಮದ್ದು ಹಾಕುವುದು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಮೊನ್ನೆ ಭಾನುವಾರ ಸಂಜೆ ಅಪ್ಪನನ್ನು ಜಗಲಿಯಲ್ಲಿ ಕೂರಿಸಿ, ತಲೆ ಹಿಂದಕ್ಕೆ ಒರಗಿಸಿ, ಎಡಗಣ್ಣಿನ ರೆಪ್ಪೆ ಕೆಳಗೆಳೆದು ಒಂದು ಹನಿ ಬಿಟ್ಟೆ. ಅಪ್ಪ ಕಣ್ಣು ಮುಚ್ಚಿಕೊಂಡ. ಮುಚ್ಚಿಕೊಂಡೇ ಕೇಳಿದ, ಹುಟ್ಟಿದಾಗಿಂದ ಯಾರನ್ನೂ ನೇರವಾಗಿ ಒಂದು ಪ್ರಶ್ನೆ ಕೇಳದ ಮನುಷ್ಯ.

"ಅವತ್ತು ಮಂಟಪದಲ್ಲಿ ನಿಂಗೆ ಗೊತ್ತಾಗ್ಬೇಕಿತ್ತಲ್ವಾ ಅಮ್ಮಣೀ?"

ನಾಲಿಗೆಯ ತುದಿಗೆ ಎಷ್ಟು ಉತ್ತರ ಬಂದವು! ಜನ ಬಹಳ ಇದ್ದರು. ಒಂದೇ ಹಲಗೆ ಇತ್ತು. ಒತ್ತಡ ನೋಡುವ ಯಂತ್ರ ತಂದಿರಲಿಲ್ಲ. ಅಲುಗಬೇಡ, ಮದ್ದು ಹೊರಗೆ ಹೋಗುತ್ತೆ. ಯಾವುದೂ ಸುಳ್ಳಲ್ಲ. ಯಾವುದನ್ನು ಹೇಳಿದ್ದರೂ ಅಪ್ಪ ತಲೆಯಾಡಿಸಿ ಸುಮ್ಮನಾಗುತ್ತಿದ್ದ.

"ಗೊತ್ತಾಗ್ಬೇಕಿತ್ತಪ್ಪಾ" ಅಂದೆ. "ತಪ್ಪು ನಂದೇ."

ಅಪ್ಪ ಕೆನ್ನೆಗೆ ಇಳಿದ ಮದ್ದನ್ನು ಟವೆಲಿನಲ್ಲಿ ಒರೆಸಿಕೊಂಡ.

"ನಾಕು ಜನರ ಎದ್ರಿಗೆ ಕಾಣಲ್ಲ ಅಂತ ನನ್ನ ಬಾಯಲ್ಲಿ ಬರ್ಲಿಲ್ಲ ಮಗಾ. ನೀನೇ ಹಿಡೀತೀಯ ಅಂತ ಓದ್ತಾ ಹೋದೆ. ಕೊನೇ ಸಾಲಿನ್ ತನಕ ಕಾದೆ. ನೀನು ಶಭಾಷ್ ಅಂದ್ಬಿಟ್ಟೆ."